ಇಳಿಜಾರಿನಲ್ಲಿ ಇಳಿಸಿದವರು

ಮೊನ್ನೆ ಪುತ್ತಿಗೆಯ ನಮ್ಮ ಮನೆಯೆದುರು ಯಾರದೋ ಗದ್ದೆ ಉಳುವ ಟಿಲ್ಲರ್ ಕೆಟ್ಟು ನಿಂತಿತ್ತು. ಡೀಸೆಲ್ಲೂ ಹಸಿ ಕೆಸರೂ ಬೆರೆತ ವಾಸನೆ ಜಗಲಿಯವರೆಗೆ ಬಂತು. ಕೈಯಲ್ಲಿದ್ದ ಚಹಾ ಆರಿಹೋಯಿತು... ನಾನು ವಾಮದಪದವಿನ ತವರಿನ ಗದ್ದೆಬದಿಗೆ ಹೋಗಿಬಿಟ್ಟಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆಂಗಸರು ಸೈಕಲ್ ಹತ್ತಿದರೂ ಊರು ಬಾಯಿಬಿಟ್ಟು ನೋಡುತ್ತಿತ್ತು. ಅಂಥದ್ದರಲ್ಲಿ ನಮ್ಮ ಆಚೆಮನೆಯ ಅಕ್ಕ ಟಿಲ್ಲರ್ ಓಡಿಸುತ್ತಿದ್ದರು. ಬೊಂಬಾಯಿಯ ಹೋಟೆಲಿನಲ್ಲಿದ್ದ ಗಂಡ ಯಂತ್ರ ಕೊಡಿಸಿ ಹೋದರು. ಓಡಿಸಲು ಬಂದ ಡ್ರೈವರುಗಳು ಒಬ್ಬರೂ ನಿಲ್ಲಲಿಲ್ಲ. ಕೊನೆಗೆ ಅಕ್ಕನೇ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು, ಎಂಜಿನಿನ ಬೆಲ್ಟಿಗೆ ಸಿಕ್ಕದ ಹಾಗೆ ಸೆರಗನ್ನು ಅಂಗಿಯೊಳಗೆ ತುರುಕಿ ಹ್ಯಾಂಡಲ್ ಹಿಡಿದರು. ಬೆಳಗಿನ ಮಂಜಿನಲ್ಲಿ ಮೊದಲು ಟುಕುಟುಕು ಸದ್ದು ಬರುತ್ತಿತ್ತು, ಆಮೇಲೆ ಆ ಬಿಳಿ ಅಂಗಿ, ಆಮೇಲೆ ಅವರ ನಗು...

ಟಿಲ್ಲರಿನದು ವಕ್ರ ಸ್ವಭಾವ. ಸಮತಟ್ಟಿನಲ್ಲಿ ಎಡದ ಕ್ಲಚ್ ಹಿಡಿದರೆ ಎಡಕ್ಕೆ ತಿರುಗುವುದು, ಇಳಿಜಾರಿನಲ್ಲಿ ಬಲಕ್ಕೆ ತಿರುಗುತ್ತದೆ. ಹಿಂದಿನ ಟ್ರೈಲರಿನಲ್ಲಿ ಭಾರವಿದ್ದರೆ ಕೇಳುವುದೇ ಬೇಡ. ಅದಕ್ಕೇ ಅಕ್ಕ ಇಳಿಜಾರಿನ ತಲೆಯಲ್ಲಿ ಗಾಡಿ ನಿಲ್ಲಿಸಿ ಕುಳಿತವರನ್ನೆಲ್ಲ ಇಳಿಸುತ್ತಿದ್ದರು. ಊರ ಪಟೇಲರನ್ನೂ ಬಿಟ್ಟವರಲ್ಲ.

ನನ್ನ ಮದುವೆಯ ದಿನ ಅಕಾಲ ಮಳೆ ಸುರಿದು ಬಾಡಿಗೆ ಕಾರು ಗುಡ್ಡ ಹತ್ತಲಿಲ್ಲ. ದಿಬ್ಬಣ ಅಕ್ಕನ ಟ್ರೈಲರ್ ಏರಿತು. ಮಲ್ಲಿಗೆಯ ಘಮದಲ್ಲಿ, ಪೆಟ್ಟಿಗೆಗೆ ಒರಗಿ, ಕನಸಿನಲ್ಲಿ ತೇಲುವವಳಂತೆ ಕುಳಿತಿದ್ದೆ. ಇಳಿಜಾರು ಬಂತು. ಟಿಲ್ಲರ್ ನಿಂತಿತು.

"ಎಲ್ಲರೂ ಇಳಿಯಿರಿ. ಮದುಮಗಳೂ ಇಳಿಯಲಿ," ಎಂದರು ಅಕ್ಕ.

ಗಂಡಿನ ಸೋದರಮಾವನಿಗೆ ಪಿತ್ತ ನೆತ್ತಿಗೇರಿತು. "ಗಂಡನ ಮನೆಗೆ ಹೊರಟವಳನ್ನು ಅರ್ಧ ದಾರಿಯಲ್ಲಿ ಇಳಿಸುವ ಕ್ರಮ ಎಲ್ಲಿ ಉಂಟು? ಅಪಶಕುನ!"

"ಶಕುನ ನೀವು ನೋಡಿಕೊಳ್ಳಿ ಮಾರಾಯ್ರೆ, ಬ್ರೇಕ್ ನಾನು ನೋಡಿಕೊಳ್ತೇನೆ. ಇವಳು ಇಳಿಯದೆ ಗಾಡಿ ಮುಂದೆ ಹೋಗುವುದಿಲ್ಲ."

ಎಲ್ಲರೊಂದಿಗೆ ನಾನೂ ಇಳಿದೆ. ಜರಿಸೀರೆ ಎತ್ತಿ ಹಿಡಿದು, ಕೊಡೆಯಡಿಯಲ್ಲಿ, ಕೆಂಪು ಕೆಸರಿನಲ್ಲಿ ನಡೆದೆ. ಮುಂದೆ ತಿರುವಿನಲ್ಲಿ ಪೆಟ್ಟಿಗೆ, ಪಾತ್ರೆಗಳ ಭಾರಕ್ಕೆ ಟ್ರೈಲರ್ ಟಿಲ್ಲರನ್ನು ಹಿಂದಿನಿಂದ ನೂಕಿತು. ಅಕ್ಕ ಪಕ್ಕಕ್ಕೆ ಹಾರಿದರು. ಗಾಡಿ ಗದ್ದೆಗೆ ಮಗುಚಿತು. ನಾನು ಕುಳಿತಿದ್ದ ಮೂಲೆ ಕೆಸರಿನಡಿ ಹೂತುಹೋಗಿತ್ತು, ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು...

ಅಕ್ಕನ ಎಡಗೈ ಮಣಿಕಟ್ಟು ಮುರಿದಿತ್ತು. ಸೋದರಮಾವ ಅದನ್ನು ನೋಡಲೇ ಇಲ್ಲ. "ಕಂಡಿರಾ? ಮದುಮಗಳನ್ನು ಇಳಿಸಿದ್ದಕ್ಕೇ ಗಾಡಿ ಮಗುಚಿದ್ದು," ಎಂದರು. ಎಲ್ಲರೂ ಹೌದೆಂದರು! ಆಮೇಲೆ ಊರಿನ ಯಾವ ಮದುವೆಯಲ್ಲೂ ಅಕ್ಕನನ್ನು ಆರತಿಗೆ ಕರೆಯಲಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಗಂಡನ ಮನೆಯಲ್ಲಿ ಹಾಲು ಒಡೆದರೂ, ಹಸು ಒದ್ದರೂ, "ದಾರಿಯಲ್ಲಿ ಇಳಿದು ಬಂದವಳು" ಎಂಬ ಮಾತು ಬರುತ್ತಿತ್ತು. ನಾನು ತವರಿಗೆ ಹೋದಾಗಲೆಲ್ಲ ಅಕ್ಕ ಆ ಸೊಟ್ಟ ಕೈಯಲ್ಲೇ ಬೆಲ್ಲ, ನೀರು ತಂದಿಟ್ಟು, ಹತ್ತಿರ ಕುಳಿತು ಮೆಲ್ಲಗೆ ಕೇಳುತ್ತಿದ್ದರು, "ಆ ದಿನದ ವಿಷಯಕ್ಕೆ ನಿನ್ನನ್ನು ಅಲ್ಲಿ ಯಾರೂ ಏನೂ ಹೇಳುವುದಿಲ್ಲ ಅಲ್ವಾ?"

"ಇಲ್ಲ ಅಕ್ಕ, ಯಾರೂ ಇಲ್ಲ," ಎನ್ನುತ್ತಿದ್ದೆ. ಅವರ ಮುಖ ಹಗುರಾಗುವುದನ್ನು ನೋಡಲು ಎಷ್ಟು ಸಲ ಬೇಕಾದರೂ ಆ ಸುಳ್ಳು ಹೇಳಬಹುದಿತ್ತು.

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ಅಕ್ಕ ತೀರಿಕೊಂಡರು. ತವರಿಗೆ ಹೋದರೆ ಈಗಲೂ ಎಲ್ಲರೂ ಬಿಪಿ, ಶುಗರ್ ಕೇಳುತ್ತಾರೆ, ಮೊಮ್ಮಕ್ಕಳನ್ನು ಕೇಳುತ್ತಾರೆ. ಅದೊಂದನ್ನು ಕೇಳುವವರು ಇಲ್ಲ.