ಅಣ್ಣಾಸಾಹೇಬರು ಕೇಳಿದ ಸಹಿ

ಕಾಗವಾಡದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಅಣ್ಣಾಸಾಹೇಬರಿಗೆ ಮುಚ್ಚಿದ ವಸ್ತು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ತಮ್ಮ ಕಂಪ್ಯೂಟರಿನ ಡಬ್ಬಿಯ ಒಂದು ಬದಿಯ ತಗಡನ್ನು ಬಿಚ್ಚಿಯೇ ಇಟ್ಟಿದ್ದರು. ಒಳಗಿನ ತಂತಿ, ತಿರುಗುವ ಫ್ಯಾನು ಬಂದವರಿಗೆಲ್ಲ ಕಾಣಬೇಕು. ಕಬ್ಬಿನ ಗಾಡಿಗಳೆಬ್ಬಿಸಿದ ಧೂಳು ದಿನವೂ ಅದರೊಳಗೆ ಕೂರುತ್ತಿತ್ತು. ಅವರು ದಿನವೂ ಬಣ್ಣದ ಬ್ರಷ್ಷಿನಿಂದ ಜಾಡಿಸುತ್ತಿದ್ದರು. ಮೊದಲು ಟೈಪಿಂಗ್ ಕಲಿಸಿದವರು. ಮಾತಾಡುವಾಗಲೂ ಬೆರಳುಗಳು ಮೇಜಿನ ಮೇಲೆ ಆಡುತ್ತಲೇ ಇರುತ್ತಿದ್ದವು.

ಮಕ್ಕಳೇ, ಅವರು ನಿಮ್ಮ ಅಜ್ಜನ ಶಾಲೆಯ ಗೆಳೆಯರು. ಅಜ್ಜ ತೀರಿಕೊಂಡ ಮರುವರ್ಷ ನಮ್ಮೂರು ಜುಗೂಳಕ್ಕೆ ಬಂದು, "ಮನ್ಯಾಗ ಕುಂತ ಏನ್ ಮಾಡ್ತೀರಿ ಅಕ್ಕಾ, ಕಲೀಲಿಕ್ಕೆ ಬರ್ರಿ" ಎಂದರು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು, ಯಾರ ಮುಖ ನೋಡಿಯೂ ಮಾತಾಡಿದವಳಲ್ಲ. ಹೇಗೋ ಹೋದೆ.

ಬೇರೆ ಅಂಗಡಿಗಳಲ್ಲೆಲ್ಲ ಕಂಪ್ಯೂಟರು ನಡೆಸಲು ದೊಡ್ಡ ಕಂಪನಿಯ ವ್ಯವಸ್ಥೆಯ ಕಳ್ಳ ನಕಲು ಇರುತ್ತಿತ್ತು. ಅಣ್ಣಾಸಾಹೇಬರು ಅದನ್ನು ಮುಟ್ಟುತ್ತಿರಲಿಲ್ಲ. ಅವರದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.

"ಹೆಪ್ಪು ಮುಗದ್ರ ಏನ್ ಮಾಡ್ತೀರಿ ಅಕ್ಕಾ?"

"ಬಾಜೂ ಮನ್ಯಾಗ ಇಸ್ಕೊಂಡ ಬರ್ತೀನ್ರಿ."

"ಆ ಹೆಪ್ಪಿಗೆ ಮಾಲಕ ಯಾರು? ಯಾರೂ ಇಲ್ಲ. ಇದೂ ಹಂಗ ಐತಿ."

ಪಕ್ಕದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಶೋಭಾ ಗೋಡೆಯಾಚೆಯಿಂದಲೇ ಅನ್ನುತ್ತಿದ್ದಳು: "ಹೆಪ್ಪು ಹಾಕಿದ್ರ ಮರದಿನತನಾ ಕಾಯಬೇಕಲ್ರಿ ಅಣ್ಣಾ. ನನ್ನ ಕಡೆ ಮಸರು ತಯಾರ ಐತಿ."

"ಕದ್ದ ಮಸರು ಬೇ ಅದು."

"ಹುಳಿ ಇಲ್ಲಲ್ಲ, ಬಸ್."

ಪರದೆಯ ಮೇಲಿನ ಇಂಗ್ಲಿಷ್ ಮಾತುಗಳಿಗೆ ಅವರು ತಾವೇ ಕನ್ನಡ ಕೂಡಿಸುತ್ತಿದ್ದರು. ಬರೆದದ್ದನ್ನು ಉಳಿಸಿಕೊಳ್ಳುವ ಗುಂಡಿಗೆ ಏನೆನ್ನಬೇಕೆಂದು ಒಮ್ಮೆ ನನ್ನನ್ನೇ ಕೇಳಿದರು. "ತಗದಿಡು ಅನ್ರಿ" ಎಂದೆ ಸೆರಗಿನೊಳಗಿಂದ. ಮರುದಿನ ಹೋದಾಗ 'ತೆಗೆದಿಡು' ಎಂದು ಅಲ್ಲಿ ಮೂಡಿತ್ತು. "ಆ ಕಂಪನಿಯವ್ರು ಜುಗೂಳಕ್ಕ ಬಂದು ನಿಮ್ಮನ್ನ ಕೇಳ್ತಿದ್ರೇನ್ರಿ?" ಎಂದು ನಕ್ಕರು. ಆ ದಿನ ಪಾಠದ ಕಡೆ ನನ್ನ ಲಕ್ಷ್ಯವೇ ಇರಲಿಲ್ಲ.

ಅಥಣಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಯವರ ಕೆಲಸಕ್ಕೆ ಕರೆದಿದ್ದರು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಅದಕ್ಕೆ ಲಗತ್ತಿಸಬೇಕಾದ ತಹಶೀಲ್ದಾರ ಕಚೇರಿಯ ಪತ್ರ ನನ್ನ ಕೈಗೆ ಬಂದದ್ದು ಕೊನೆಯ ದಿನ. ಸಂಜೆ ಐದಕ್ಕೆ ವೇಳೆ ಮುಗಿಯುವುದಿತ್ತು. ನಾನು ಮೈದುನನ ಮನೆಯಲ್ಲಿ ಒಂದು ಸೋಪಿಗೂ ಕೇಳಿ ಪಡೆಯುತ್ತಿದ್ದ ಕಾಲ ಅದು. ನಿಮ್ಮ ಅವ್ವನ ಕಾಲೇಜು ಬಿಡಿಸುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ಹನ್ನೊಂದಕ್ಕೆ ಕುಳಿತೆವು. ಹೆಸರು, ವಯಸ್ಸು ಎಲ್ಲ ತುಂಬಿತು. ಫೋಟೋ ಹಾಕುವಲ್ಲಿಗೆ ಬಂದು ಪುಟ ನಿಂತಿತು. ದೊಡ್ಡ ಕಂಪನಿಯ ವ್ಯವಸ್ಥೆಯಲ್ಲಿ ಮಾತ್ರ ಮುಂದೆ ಹೋಗುವಂತೆ ಅದನ್ನು ಮಾಡಿಟ್ಟಿದ್ದರು. ಅಣ್ಣಾಸಾಹೇಬರು ಒಂದು ದಾರಿ ಹಿಡಿದರು, ಬಿಟ್ಟರು, ಇನ್ನೊಂದು ಹಿಡಿದರು. ಗಂಟೆ ಎರಡಾಯಿತು, ಮೂರಾಯಿತು. ನಾನು ಏಳುತ್ತಿದ್ದೆ, ಗಡಿಯಾರ ನೋಡಿ ಮತ್ತೆ ಕೂರುತ್ತಿದ್ದೆ.

"ವೈನಿ, ಇಲ್ಲಿ ಬರ್ರಿ, ಹತ್ತ ನಿಮಿಷದ ಕೆಲಸ," ಎಂದು ಶೋಭಾ ನನ್ನನ್ನು ಕರೆದಳು. ಮತ್ತೆ, "ಬಸ್ ಝಾಲಂ, ಸಾಕ ಮಾಡ್ರಿ ಅಣ್ಣಾ, ಆಕೀನ್ನ ಬಿಡ್ರಿ. ನಿಮ್ಮ ಹಟಕ್ಕ ಆಕೀ ಕೆಲಸ ಹೊಕ್ಕೈತಿ."

"ಆಗಾಕತ್ತೈತಿ, ತಡೀ," ಎಂದರು ಅವರು, ತಲೆ ಎತ್ತದೆ.

ಎದ್ದು ಹೋದರೆ ಇವರಿಗೆ ಅವಮಾನ, ಕುಳಿತರೆ ನನ್ನ ಕೆಲಸ ಹೋಯಿತು. ಅವರು 'ಹೋಗ್ರಿ' ಎನ್ನಲೆಂದು ಕಾಯುತ್ತಿದ್ದೆ. ಅನ್ನಲಿಲ್ಲ. ನಾಲ್ಕೂವರೆಗೆ ಕಾಗದಗಳನ್ನು ಎತ್ತಿಕೊಂಡು, ಹೇಳದೆ, ಪಕ್ಕದಂಗಡಿಗೆ ಹೋದೆ. ನಿಜಕ್ಕೂ ಹತ್ತೇ ನಿಮಿಷ ಹಿಡಿಯಿತು.

ಚೀಲ ಮರೆತಿದ್ದೆನೆಂದು ಹಿಂದಿರುಗಿದೆ. ಅವರು ಇನ್ನೂ ಆ ಪುಟದ ಮುಂದೆಯೇ ಇದ್ದರು.

"ಆತೇನ್ರಿ?"

"ಆತ್ರಿ."

"ಛೊಲೋ ಆತು," ಎಂದರು. ಬೆರಳುಗಳು ಮೊದಲ ಬಾರಿಗೆ ಸುಮ್ಮನಿದ್ದವು.

ಕೆಲಸ ಸಿಕ್ಕಿತು. ನಿಮ್ಮ ಅವ್ವ ಕಾಲೇಜು ಮುಗಿಸಿದಳು. ಆ ಹತ್ತು ನಿಮಿಷವನ್ನು ನಾನು ತಪ್ಪೆನ್ನಲಾರೆ.

ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿರಬೇಕು, ಅಣ್ಣಾಸಾಹೇಬರು ಬಿಸಿಲಲ್ಲಿ ಬಸ್ಸು ಹತ್ತಿ ಅಥಣಿಗೇ ಬಂದರು. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ. ಸರಕಾರದ ಅರ್ಜಿ ಎಲ್ಲ ಕಂಪ್ಯೂಟರಿನಲ್ಲೂ ತೆರೆಯಬೇಕು, ಬಡವರನ್ನು ಒಂದೇ ಕಂಪನಿಯ ಬಾಗಿಲಿಗೆ ಕಳಿಸಬಾರದು ಎಂದು ನಮ್ಮ ಹಾಸ್ಟೆಲ್ಲಿನ ಇಲಾಖೆಗೆ ಬರೆದಿದ್ದರು.

"ಮೂರ ಸಲ ನಾನ ಬರದೆ ಅಕ್ಕಾ, ಉತ್ತರ ಇಲ್ಲ. ತ್ರಾಸ ಆದವ್ರು ನೀವು. ನಿಮ್ಮ ಸಹಿ ಇದ್ರ ಓದ್ತಾರ."

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅನ್ನ ಕೊಟ್ಟ ಇಲಾಖೆಯ ಮೇಲೆಯೇ ಹೇಗೆ ಬರೆಯಲಿ? "ವಿಚಾರ ಮಾಡಿ ಹೇಳ್ತೀನ್ರಿ," ಎಂದೆ. ಅವರಿಗೆ ತಿಳಿಯಿತು. ಹಾಳೆ ಮಡಚಿ ಕಿಸೆಗೆ ಇಟ್ಟುಕೊಂಡರು. ಮಜ್ಜಿಗೆ ಕೊಟ್ಟೆ, ಕುಡಿದರು, "ಛೊಲೋ ಮಾಡೀರಿ" ಎಂದು ಹೊರಟರು. ಆ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಹೋದರು.

ಕೆಲ ವರ್ಷಗಳ ಮೇಲೆ ನಮ್ಮ ಹಾಸ್ಟೆಲ್ಲಿಗೆ ಇನ್ನೊಬ್ಬಳು ವಿಧವೆ ಅಡುಗೆಗೆ ಬಂದಳು. ಅರ್ಜಿ ಎಲ್ಲಿ ಹಾಕಿದೆ ಎಂದು ಕೇಳಿದೆ. ಊರ ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲೇ ಹಾಕಿದಳಂತೆ, ಫೋಟೋ ಒಂದೇ ಸಲಕ್ಕೆ ಹೋಯಿತಂತೆ. ಇಲಾಖೆಯವರು ಯಾರ ಕಾಗದ ನೋಡಿ ಅದನ್ನು ತಿದ್ದಿದರೋ ನನಗೆ ಗೊತ್ತಿಲ್ಲ. ಯಾರದೇ ಇರಲಿ, ಅದರಲ್ಲಿ ನನ್ನ ಹೆಸರಿಲ್ಲ.