ಜೂಲಿಗೆ ಹಚ್ಚಿದ ಔಷಧಿ

ಕಳೆದ ತಿಂಗಳು ಹಾಸನದಲ್ಲಿ ಪಶು ಔಷಧಿ ಅಂಗಡಿಯೊಂದರ ಮುಂದೆ ನಿಂತಿದ್ದಾಗ ಒಳಗಿನಿಂದ ಒಂದು ಘಾಟು ಬಂದು ಮೂಗಿಗೆ ಬಡಿಯಿತು. ದನಗಳ ಮೈಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳುಗಳಿಗೆ ಹಾಕುವ ಔಷಧಿಯ ವಾಸನೆ ಅದು. ನನ್ನ ಹತ್ತನೆಯ ವಯಸ್ಸಿನ ಬೇಸಿಗೆ ರಜೆ, ಮಲ್ಲಿಪಟ್ಟಣದ ದೊಡ್ಡಪ್ಪನ ಮನೆ, ಆ ಮನೆಯ ಜೂಲಿ ಒಟ್ಟಿಗೇ ಎದುರಿಗೆ ಬಂದು ನಿಂತವು.

ಜೂಲಿ ಪಮೇರಿಯನ್ ನಾಯಿ. ವರ್ಗವಾಗಿ ಹೋಗುತ್ತಿದ್ದ ಟೀಚರೊಬ್ಬರು ಅದನ್ನು ಮರಿಯಾಗಿದ್ದಾಗಲೇ ದೊಡ್ಡಮ್ಮನಿಗೆ ಕೊಟ್ಟುಹೋಗಿದ್ದರು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಮೊಲದಷ್ಟೇ ಇದ್ದ ಆ ಬಿಳಿ ಪ್ರಾಣಿಗೆ ತಾನು ಚಿಕ್ಕದೆಂಬ ಅರಿವೇ ಇರಲಿಲ್ಲ; ಟ್ರ್ಯಾಕ್ಟರು ಬಂದರೂ, ಹೋರಿ ಬಂದರೂ ಎದುರು ಹೋಗಿ ಬೊಗಳುತ್ತಿತ್ತು. ಆದರೆ ದೊಡ್ಡಮ್ಮ ಕಣ್ಣಿಗೆ ಬೀಳದಿದ್ದರೆ ತಟ್ಟೆಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ದೊಡ್ಡಮ್ಮ ಜಗಲಿಯಲ್ಲಿ ಕೂತು, ಅದನ್ನು ಮಡಿಲಲ್ಲಿ ಹಾಕಿಕೊಂಡು, ಕಿವಿಯ ಹಿಂದೆ, ಕಂಕುಳಲ್ಲಿ ಗಂಟುಗಟ್ಟಿದ ಕೂದಲನ್ನು ಬೆರಳಿನಿಂದ ಬಿಡಿಸಿ ಬಾಚುತ್ತಿದ್ದರು. ಜಗಲಿಯಿಂದ ಅದು ಹಾರಲು ಹೊರಟರೆ, "ಎತ್ಕಂಡು ಇಳಿಸ್ರೋ, ಕಾಲು ಕಡ್ಡಿ ಇದ್ದಂಗೈತೆ, ಮುರ್ಕತದೆ" ಎಂದು ಕೂಗುವರು. ದೊಡ್ಡಪ್ಪ ಮಾತ್ರ "ಇದೇನ್ ನಾಯಿಯೋ ಬೆಕ್ಕೋ" ಎಂದು ಹಂಗಿಸುತ್ತಿದ್ದರು. ಆದರೂ ಉಣ್ಣುವಾಗ ಅವರ ಎಡಗೈ ಕೆಳಗಿಳಿದು ಅದರ ತಲೆ ಸವರುತ್ತಿದ್ದುದನ್ನು ನಾನು ನೋಡಿದ್ದೆ.

ಆ ರಜೆಯಲ್ಲಿ ದೊಡ್ಡಮ್ಮ ಎರಡು ದಿನಕ್ಕೆಂದು ಬಾಗೂರಿನ ತವರಿಗೆ ಹೋದರು. ಅವರಿಲ್ಲದ್ದಕ್ಕೆ ಜೂಲಿ ಮನೆಯಲ್ಲಿ ನಿಲ್ಲದೆ ಕೊಟ್ಟಿಗೆಯಲ್ಲೆಲ್ಲ ಹುಡುಕಾಡಿ, ಮೈತುಂಬ ಉಣ್ಣೆ ಹತ್ತಿಸಿಕೊಂಡು ಬಂತು. "ಅವ್ಳು ಬರೋದ್ರಾಗೆ ಕಿಲೀನ್ ಮಾಡ್ಬುಡನ ಕಣ್ಮಗ" ಎಂದು ದೊಡ್ಡಪ್ಪ ದನದ ಔಷಧಿಯ ಸೀಸೆ ತಂದರು. ಚೀಟಿಯ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ಹೊಳೆನರಸೀಪುರದ ಇಂಗ್ಲಿಷ್ ಶಾಲೆಯಲ್ಲಿ ಓದುವ ನಾನು ಆ ಮನೆಗೆ ದೊಡ್ಡ ವಿದ್ವಾಂಸೆ.

"ಎಷ್ಟು ಆಕ್ಬೇಕು ಅಂತ ಬರ್ದವ್ರೆ, ನೋಡು."

"ಒಂದು ಮುಚ್ಚಳ" ಎಂದೆ. ಅದು ನಿಜ.

"ನೀರು?"

ಮುಂದಿನ ಸಾಲಿನ ಪದಗಳು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. "ಒಂದು ಚೊಂಬು" ಎಂದುಬಿಟ್ಟೆ. ದೊಡ್ಡಪ್ಪ ನನ್ನ ಮಾತನ್ನು ನಂಬಿ, ಚೊಂಬಿನಲ್ಲಿ ಕದಡಿ, ದಟ್ಟವಾದ ಆ ಕೂದಲಿನ ಬುಡಬುಡಕ್ಕೂ ಉಜ್ಜಿದರು. ಜೂಲಿ ನಡುಗುತ್ತಾ ಬಿಸಿಲಿಗೆ ಹೋಗಿ ಕೂತು ಮೈಯೆಲ್ಲ ನೆಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿಯತೊಡಗಿತು, ಕಾಲು ಸೆಟೆದವು. ದೊಡ್ಡಪ್ಪ ಅದನ್ನು ಟವಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ನನ್ನನ್ನು ಹಿಂದೆ ಕೂರಿಸಿಕೊಂಡು ಅರಕಲಗೂಡಿನ ಕಡೆಗೆ ಬೈಕು ಓಡಿಸಿದರು. ಅರ್ಧ ದಾರಿಯಲ್ಲೇ ಟವಲಿನೊಳಗಿನ ನಡುಕ ನಿಂತುಹೋಯಿತು. ಡಾಕ್ಟರರ ಬಾಗಿಲಿನವರೆಗೂ ಸತ್ತ ಜೂಲಿಯನ್ನು ಎದೆಗೊತ್ತಿಕೊಂಡೇ ಕೂತಿದ್ದೆ. ಡಾಕ್ಟರು ನಡೆದದ್ದನ್ನು ಕೇಳಿ, "ಬಕೆಟ್ ನೀರಿಗೆ ಹಾಕೋದನ್ನ ಚೊಂಬಿಗೆ ಹಾಕಿದೀರಲ್ರೀ! ಇಷ್ಟೇ ಇಷ್ಟು ನಾಯಿ ತಡೆಯುತ್ತಾ?" ಎಂದರು. ದೊಡ್ಡಪ್ಪ ತಿರುಗಿ ನನ್ನನ್ನೊಮ್ಮೆ ನೋಡಿದರು.

ಮರುದಿನ ದೊಡ್ಡಮ್ಮ ಬರುವವರೆಗೂ ಜೂಲಿಯನ್ನು ಹೂಳಿರಲಿಲ್ಲ. ಔಷಧಿ ಹೆಚ್ಚಾದದ್ದನ್ನು ದೊಡ್ಡಪ್ಪ ಹೇಳಿದಾಗ ಅವರು ಅಳದೆ, ಬಾಚಣಿಗೆ ತಂದು ಕೊನೆಯ ಸಲ ಅದರ ಮೈ ಬಾಚಿದರು. ಆಮೇಲೆ ಕೇಳಿದರು: "ಅಳತೆ ಯಾರು ಯೋಳಿದ್ದು?"

ನಾನು ಬಾಗಿಲ ಹಿಂದೆ ನಿಂತಿದ್ದೆ.

"ಯಾರೂ ಇಲ್ಲ. ನಾನೇ ಅಂದಾಜಿನ ಮ್ಯಾಲೆ ಆಕ್ದೆ" ಎಂದರು ದೊಡ್ಡಪ್ಪ.

ಅಂದಿನಿಂದ ದೊಡ್ಡಮ್ಮ ದೊಡ್ಡಪ್ಪನಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸಿದರು, ಬಟ್ಟೆ ಒಗೆದರು, ಕಾಯಿಲೆ ಬಿದ್ದಾಗ ಆರೈಕೆ ಮಾಡಿದರು. ಆದರೆ ಪಕ್ಕದಲ್ಲಿ ಕೂತು ನಗುತ್ತಾ ಮಾತಾಡಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಪ್ರತಿ ರಜೆಯಲ್ಲೂ ಹೇಳಿಬಿಡಬೇಕೆಂದುಕೊಂಡೇ ಹೋಗಿ, ಹೇಳದೆಯೇ ವಾಪಸಾಗುತ್ತಿದ್ದೆ. ದೊಡ್ಡಪ್ಪನೂ ಒಮ್ಮೆಯೂ ಆ ಮಾತೆತ್ತಲಿಲ್ಲ.

ದೊಡ್ಡಪ್ಪ ತೀರಿಕೊಂಡ ಹನ್ನೊಂದನೆಯ ದಿನ, ನೆಂಟರೆಲ್ಲ ಹೊರಟ ಮೇಲೆ, ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು: "ಒಳ್ಳೇ ಮನ್ಸ ಕಣವ್ವ ನಿಮ್ ದೊಡ್ಡಪ್ಪ. ಆ ಮೂಗುಪ್ರಾಣೀನ ಯಾಕಂಗೆ ಮಾಡುದ್ರೋ. ಅದೊಂದನ್ನ ನನ್ ಕೈಲಿ ಮರೆಯಕ್ಕಾಗ್ನಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ. ಎರಡು ವರ್ಷದ ಹಿಂದೆ ದೊಡ್ಡಮ್ಮನೂ ಹೋದರು. ಇನ್ನು ಹೇಳುವುದಕ್ಕೆ ಆ ಮನೆಯಲ್ಲಿ ಯಾರೂ ಉಳಿದಿಲ್ಲ.