ಮಧ್ಯಾಹ್ನಕ್ಕೆ ಏಳುವ ಸಮುರಾಯಿ

ನನ್ನ ಮಗಳು ಮೆಚ್ಚಿಕೊಂಡಿರುವ ವೀರ ಮಧ್ಯಾಹ್ನ ಹನ್ನೆರಡಕ್ಕೆ ಮೊದಲು ಏಳುವುದಿಲ್ಲ. ಇದು ಚಾಡಿಯಲ್ಲ, ಕಣ್ಣಾರೆ ಕಂಡ ಸತ್ಯ. ಒಂದು ಕಾಲದಲ್ಲಿ ಅವನು ಸಮುರಾಯಿ, ಅಂದರೆ ಹಳೆಯ ಜಪಾನಿನ ಕತ್ತಿವೀರ. ಯುದ್ಧ ಮುಗಿದು, ಒಡೆಯ ಸತ್ತು, ಕೆಲಸ ಹೋದ ಮೇಲೆ ಯಾರದೋ ಸ್ನಾನದ ಮನೆಯ ಅಟ್ಟದಲ್ಲಿ ಬಿದ್ದುಕೊಂಡಿದ್ದಾನೆ. ಕತ್ತಿಯನ್ನು ಮಾರಿಲ್ಲ, ಎಸೆದೂ ಇಲ್ಲ. ಗಾಳಿಗೆ ಕಿಟಕಿ ಬಡಿದುಕೊಳ್ಳದಿರಲೆಂದು ಅಡ್ಡ ಕೊಟ್ಟಿದ್ದಾನೆ. ಬಾಯಿ ಬಿಟ್ಟರೆ ಸುಳ್ಳು. ಕಪ್ಪೆ ಕಂಡರೆ ಮೈಯೆಲ್ಲ ನಡುಕ. ಊರವರು ಸಹಾಯ ಕೇಳಿಕೊಂಡು ಬಂದರೆ ಗೊರಕೆ ಹೊಡೆಯುವ ನಟನೆ. ಇಂಥವನನ್ನು ನಾಯಕನನ್ನಾಗಿ ಮಾಡಿ ಜಪಾನಿನವರು ಒಂದು ಅನಿಮೆ ಮಾಡಿದ್ದಾರೆ, ಧಾರಾವಾಹಿಯ ಹಾಗೆ ಕಂತು ಕಂತಾಗಿ ಬರುವ ಕಾರ್ಟೂನು. ಅದನ್ನು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ನಮ್ಮ ಮನೆಯ ಸೋಫಾದ ಮೇಲೆ ಹದಿನಾಲ್ಕು ವರ್ಷದ ನನ್ನ ಮಗಳು ನಿಧಿ ಅವನ ಭಂಗಿಯಲ್ಲೇ ಮಲಗಿ ನೋಡುತ್ತಿರುತ್ತಾಳೆ.

ನನ್ನ ಬಾಲ್ಯದ ವೀರರು ಹೀಗಿರಲಿಲ್ಲ. ಮೈಸೂರಿನ ಪಕ್ಕದ ನಮ್ಮೂರಿನ ಶಾಲೆಯ ಹಿಂದೆ ಒಂದು ವೀರಗಲ್ಲು ಇತ್ತು. ಮೂರು ಅಂತಸ್ತಿನ ಕಲ್ಲು. ಕೆಳಗಿನ ಸಾಲಿನಲ್ಲಿ ವೀರ ಕತ್ತಿ ಎತ್ತಿ ಹೋರಾಡುತ್ತಿದ್ದಾನೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಸಾಲಿನಲ್ಲಿ ಮಾತ್ರ ಲಿಂಗದ ಮುಂದೆ ಹಾಯಾಗಿ ಕೂತಿದ್ದಾನೆ. ಅಂದರೆ ನಮ್ಮ ಕಡೆಯ ವೀರ ಸ್ವಲ್ಪ ಕೂರಬೇಕೆಂದರೂ ಮೊದಲು ಸಾಯಬೇಕಿತ್ತು. ಇಂಥ ಕಲ್ಲಿಗೆ ಬೆನ್ನು ಒರಗಿಸಿ ಬುತ್ತಿ ಉಂಡು ಬೆಳೆದವಳಿಗೆ, ಹಗಲು ಹೊತ್ತಿನಲ್ಲಿ ಮಲಗುವ ವೀರನನ್ನು ಒಪ್ಪಿಕೊಳ್ಳುವುದು ಹೇಗೆ ಸಾಧ್ಯ?

ಮಲಗಿದ್ದವನು ಜಪಾನಿನವನೊಬ್ಬನೇ ಆಗಿದ್ದರೆ ನನಗೇನೂ ಚಿಂತೆಯಿರಲಿಲ್ಲ. ಆ ವರ್ಷ ಶಾಲೆಯ ನೆಟ್‌ಬಾಲ್ ತಂಡದಿಂದ ನಿಧಿಯನ್ನು ಕೈಬಿಟ್ಟಿದ್ದರು. ಬಾಸ್ಕೆಟ್‌ಬಾಲಿನ ತಂಗಿಯಂಥ ಈ ನೆಟ್‌ಬಾಲ್ ಅಂದರೆ ಇಲ್ಲಿನ ಹೆಣ್ಣುಮಕ್ಕಳಿಗೆ ಉಸಿರಿದ್ದ ಹಾಗೆ. ಎರಡನೆಯ ತಂಡದಲ್ಲಿ ಜಾಗವಿದೆ, ಬಾ ಎಂದು ಕೋಚ್ ಕರೆದಿದ್ದರು. ಇವಳು ಹೋಗಲಿಲ್ಲ. ಶೂ ತೆಗೆದುಕೊಂಡು ಹೋಗಿ ಗ್ಯಾರೇಜಿನಲ್ಲಿಟ್ಟಳು. ಅಳಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

"ಎದ್ದು ಹೋಗೇ, ಆಡು. ಒಂದ್ಸಲ ಬಿಟ್ರು ಅಂತ ಹಿಂಗೆ ಬಿದ್ಕೊಂಡ್ರೆ ಹೆಂಗೆ?" ಅಂದೆ.

ನಿಧಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಐ ಆಮ್ ರಿಟೈರ್ಡ್, ಅಮ್ಮಾ" ಅಂದಳು, ಟೀವಿಯಿಂದ ಕಣ್ಣು ತೆಗೆಯದೆ. "ಲೈಕ್ ಹಿಮ್."

"ಅವನು ಸೋಮಾರಿ!"

"ಯು ರಿಟೈರ್ಡ್ ಟೂ" ಅಂದು, ಗೋಡೆಯ ಕಡೆ ಗದ್ದ ತೋರಿಸಿದಳು.

ಗೋಡೆಯ ಮೇಲೆ ಒಂದು ಹಳೆಯ ಫೋಟೊ ಇದೆ. ಮೊಣಕಾಲಿಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ ಹುಡುಗಿಯರ ಸಾಲು, ನಡುವೆ ಕಪ್ ಹಿಡಿದು ಹಲ್ಲು ಕಿರಿಯುತ್ತಿರುವ ಕಡ್ಡಿಯಂಥವಳು ನಾನು. ವಿಶ್ವವಿದ್ಯಾಲಯದ ಖೋಖೋ ತಂಡ. ಆಗ ನಾನು ಕಂಬ ಹಿಡಿದು ಡೈವ್ ಹೊಡೆದರೆ ಎದುರಿನವರು ಔಟಾಗುವ ಮೊದಲೇ ಕಿರುಚುತ್ತಿದ್ದರು. ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಕಾಲು ಮುರಿಯಲಿಲ್ಲ, ಮನೆಯವರು ಬೇಡವೆನ್ನಲಿಲ್ಲ. ಕೆಲಸ ಬಂತು, ಮದುವೆಯಾಯಿತು, ವೀಸಾ ಬಂತು, ಮಗು ಬಂತು, ಆಟ ಮಾತ್ರ ಎಲ್ಲೋ ಇಳಿದುಕೊಂಡಿತು. ಈಗ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಕೂತು ಬೇರೆಯವರ ಕೊಬ್ಬಿನಂಶ ಅಳೆಯುತ್ತೇನೆ. ನನ್ನದನ್ನು ಅಳೆಸಿಲ್ಲ.

ಶತ್ರುವನ್ನು ಗೆಲ್ಲಬೇಕಾದರೆ ಅವನನ್ನು ಅರಿಯಬೇಕು. ಹಾಗಾಗಿ ನಾನೂ ಸೋಫಾದ ಇನ್ನೊಂದು ತುದಿಯಲ್ಲಿ ಕೂತು ಆ ಸಮುರಾಯಿಯನ್ನು ನೋಡತೊಡಗಿದೆ. ಮೊದಲ ದಿನ ತಪ್ಪು ಹುಡುಕಲು ಕೂತೆ, ರಾಶಿ ಸಿಕ್ಕವು. ಎರಡನೆಯ ದಿನವೂ ಅದೇ ಉದ್ದೇಶ. ವಾರ ಕಳೆಯುವಷ್ಟರಲ್ಲಿ, ಡ್ಯೂಟಿ ಮುಗಿಸಿ ಬರುವಾಗ ಕಾರಿನಲ್ಲಿ ಅವನ ಬಗ್ಗೆ ಯೋಚಿಸುತ್ತಿದ್ದೇನೆಂದು ಗೊತ್ತಾಗಿ ನನಗೇ ನಾಚಿಕೆಯಾಯಿತು. ಗಂಡ ರವಿಯ ಬಗ್ಗೆ ಕೂಡ ನಾನು ಕಾರಿನಲ್ಲಿ ಅಷ್ಟು ಯೋಚಿಸಿದ್ದಿಲ್ಲ.

ಒಡೆಯನಿಲ್ಲದ ಸಮುರಾಯಿಗೆ ಜಪಾನಿನವರು ರೋನಿನ್ ಎನ್ನುತ್ತಾರೆ. ಅಲೆಯ ಹಾಗೆ ಗೊತ್ತುಗುರಿಯಿಲ್ಲದೆ ತಿರುಗುವವನು ಎಂದು ಅರ್ಥವಂತೆ. ನಮ್ಮ ಕನ್ನಡದಲ್ಲಿ ನೀರಿನ ಅಲೆಗೂ ಬೀದಿ ಅಲೆಯುವುದಕ್ಕೂ ಒಂದೇ ಮಾತು ಇರುವುದು ನೆನಪಾಗಿ ಖುಷಿಯಾಯಿತು. ಆದರೆ ಇನ್ನೊಂದು ವಿಷಯಕ್ಕೆ ನಮ್ಮಲ್ಲಿ ಮಾತು ಸಿಗಲಿಲ್ಲ. ಹಿಂದೆ ನಮ್ಮಲ್ಲಿ ಜೋಳವಾಳಿ ಎಂದಿತ್ತು, ತಿಂದ ಜೋಳದ ಋಣಕ್ಕೆ ಒಡೆಯನ ಪರವಾಗಿ ಕಾದುವುದು. ವೇಳೆವಾಳಿ ಎಂದಿತ್ತು, ಹೊತ್ತು ಬಂದಾಗ ಒಡೆಯನ ಜೊತೆಗೇ ಪ್ರಾಣ ಬಿಡುತ್ತೇನೆಂಬ ಆಣೆ. ಎರಡಕ್ಕೂ ಕಲ್ಲು ನಿಲ್ಲಿಸಿದ್ದಾರೆ. ಆದರೆ ಎಲ್ಲ ಮುಗಿದ ಮೇಲೂ ಬದುಕಿ ಉಳಿದು, ಮರುದಿನ ಬೆಳಗಾದರೆ ಏನು ಮಾಡುವುದೆಂದು ತಿಳಿಯದೆ ಮತ್ತೆ ಮಗ್ಗುಲು ಬದಲಿಸಿದವನಿಗೆ ನನಗೆ ತಿಳಿದ ಮಟ್ಟಿಗೆ ನಮ್ಮಲ್ಲಿ ಹೆಸರೂ ಇಲ್ಲ, ಕಲ್ಲೂ ಇಲ್ಲ. ಅಂಥವನ ಕತೆಯನ್ನೇ ಈ ಜಪಾನಿನವರು ಹಿಡಿದು ಕೂತಿದ್ದರು.

ಮತ್ತೊಂದನ್ನು ಗಮನಿಸಿದೆ. ಅವನು ಗೆಲ್ಲುವುದನ್ನು ಚಿತ್ರಕಾರರು ಚಕ್ಕನೆ ಮುಗಿಸಿಬಿಡುತ್ತಾರೆ. ಏಳುವುದನ್ನು ಮಾತ್ರ ನಿಧಾನವಾಗಿ ಬರೆದಿದ್ದಾರೆ. ಮೊದಲು ಒಂದು ಕಣ್ಣು. ಆಮೇಲೆ ನೆಲಕ್ಕೆ ಊರುವ ಅಂಗೈ. ಒಂದು ಮಂಡಿ. ಒಂದು ನರಳು. ಸೊಂಟದ ಮೇಲೆ ಕೈ. ಹೊಡೆತ ತಿಂದಾಗಲೂ ಅಷ್ಟೇ. ಬೀಳುತ್ತಾನೆ, ಬೈಯುತ್ತಾನೆ, ಇದನ್ನೆಲ್ಲ ಯಾಕಾದರೂ ಒಪ್ಪಿಕೊಂಡೆನೋ ಅನ್ನುತ್ತಾನೆ, ಮತ್ತೆ ಅಂಗೈ ಊರುತ್ತಾನೆ. ಒಂದು ದಿನ ಅವನು ಹಾಗೆ ಏಳುವಾಗ ಪಕ್ಕಕ್ಕೆ ತಿರುಗಿ ನೋಡಿದೆ. ನಿಧಿ ಉಸಿರು ಹಿಡಿದು ಕೂತಿದ್ದಳು. ಅಷ್ಟು ದಿನ ಅವಳು ಅವನು ಮಲಗುವುದನ್ನು ನೋಡುತ್ತಿದ್ದಾಳೆಂದುಕೊಂಡಿದ್ದೆ. ಅವಳು ಕಾಯುತ್ತಿದ್ದುದು ಇದಕ್ಕೆ.

ಆ ವಾರವೇ ಫರೀದಾ ಫೋನ್ ಮಾಡಿದಳು. ಭದ್ರಾವತಿಯ ಹುಡುಗಿ, ಓದಲು ಬಂದವಳು ಇಲ್ಲೇ ನೆಲೆಯಾಗಿ ಈಗ ಫಾರ್ಮಸಿಸ್ಟ್. ಇಲ್ಲಿನ ಕನ್ನಡಿಗರು ಎಲ್ಲಿ ಸೇರಿದರೂ ಓಡಾಡಿ ಕೆಲಸ ಮಾಡುವವಳು ಅವಳೇ.

"ಸುಮಕ್ಕ, ಬೇಸಿಗೆ ಕ್ರೀಡಾಕೂಟಕ್ಕೆ ಮರಾಠಿ ಹೆಂಗಸ್ರು ಖೋಖೋ ಟೀಮ್ ತರ್ತಾರಂತೆ. ಕನ್ನಡದವ್ರಿಗೆ ಆಡೋಕೆ ಬರುತ್ತಾ ಅಂತ ಕೇಳಿದ್ರು. ನಂಗೆ ಉರಿದೋಯ್ತು. ಎಂಟು ಜನ ಆಗಿದೀವಿ. ನೀವು ಬಂದ್ರೆ ಒಂಬತ್ತು."

"ಫರೀದಾ, ನಂಗೆ ನಲವತ್ತೇಳು."

"ವಯಸ್ಸು ಕೇಳಲಿಲ್ಲ ಅಕ್ಕ, ಬರ್ತೀರಾ ಅಂತ ಕೇಳಿದೆ."

ಸೋಫಾದ ಆಚೆ ತುದಿಯಲ್ಲಿ ನಿಧಿ ಟೀವಿಯ ಸದ್ದು ಸಣ್ಣ ಮಾಡಿದ್ದಳು. ಮಗಳ ಮುಂದೆ ಇಲ್ಲವೆನ್ನಲು ನನಗಾಗಲಿಲ್ಲ. "ಬರ್ತೀನಿ" ಅಂದೆ.

"ಈ ವಯಸ್ಸಲ್ಲಿ ಬೇಕಾ ನಿಂಗೆ? ಮಂಡಿ ಹೋದ್ರೆ ಯಾರು ನೋಡ್ಕೊಳ್ಳೋದು?" ಎಂದು ಕೇಳಿದ ರವಿ.

"ನೀನೇ" ಅಂದೆ.

ಮಾರನೆಯ ದಿನ ಸಂಜೆಯಿಂದ ಮನೆಯ ಹಿಂದಿನ ಪಾರ್ಕಿಗೆ ಹೋಗತೊಡಗಿದೆ. ಬೇಸಿಗೆಯಲ್ಲಿ ಇಲ್ಲಿ ವಾಯವ್ಯದಿಂದ ಒಂದು ಬಿಸಿಗಾಳಿ ಬೀಸುತ್ತದೆ. ಜನರ ತಲೆ ಕೆಡಿಸುವ ಗಾಳಿಯೆಂದೇ ಅದಕ್ಕೆ ಹೆಸರು. ನಾನು ಮಾಡುತ್ತಿದ್ದುದಕ್ಕೆ ಆ ಗಾಳಿಯೇ ಕಾರಣವೆಂದು ಅಕ್ಕಪಕ್ಕದವರು ತಿಳಿದಿರಬೇಕು. ಖೋಖೋದಲ್ಲಿ ಓಡುವುದಕ್ಕಿಂತ ಕಷ್ಟ ಕುಕ್ಕರುಗಾಲಲ್ಲಿ ಕೂತು ಚಿಮ್ಮಿ ಏಳುವುದು. ಕೂರುವುದೇನೋ ಸಲೀಸಾಗಿ ಆಗುತ್ತಿತ್ತು, ಭೂಮಿಯೂ ಸಹಕರಿಸುತ್ತಿತ್ತು. ಏಳುವಾಗ ಮಂಡಿಯೊಳಗೆ ಯಾರೋ ಹುರಿಗಡಲೆ ಅಗಿದ ಸದ್ದು. ಒಂದು ಸಂಜೆ ಹಾಗೆ ಕೂತವಳು ಹಾಗೇ ಉಳಿದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ಪಕ್ಕದ ಬೀದಿಯ, ಈ ದೇಶದವರೇ ಆದ ಮುದುಕರೊಬ್ಬರು ನಿಂತು, ಏನಾದರೂ ಕಳೆದುಕೊಂಡೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಪ್ಪತ್ತೈದು ವರ್ಷ" ಅಂದೆ.

ಅವರು ಪಾಪ, ಹುಲ್ಲಿನಲ್ಲಿ ಸ್ವಲ್ಪ ಹೊತ್ತು ಹುಡುಕಿದರು.

ಎರಡನೆಯ ವಾರ ನಿಧಿಯೂ ಪಾರ್ಕಿಗೆ ಬಂದಳು. ಸಹಾಯ ಮಾಡಲು ಬಂದವಳಲ್ಲ. ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, ಟೋಪಿಯ ಅಂಚು ಕಣ್ಣಿಗೆ ಎಳೆದುಕೊಂಡಳು. ನಾನು ಕೂತೆ, ಎದ್ದೆ, ಓಡಿದೆ, ಏದುಸಿರು ಬಿಟ್ಟೆ. ಟೋಪಿಯೊಳಗಿಂದ, "ಯು ಲುಕ್ ಡೌನ್ ಬಿಫೋರ್ ಯು ಟರ್ನ್. ಎವ್ರಿ ಟೈಮ್" ಎಂದು ಬಂತು. ನಾನು ನೆಲ ನೋಡುವುದನ್ನು ಬಿಟ್ಟೆ. ಮರುದಿನ ಅವಳು ಎದ್ದು ಕೂತು ನೋಡಿದಳು. ಅದರ ಮರುದಿನ, ತಿರುಗುವಾಗ ಕಾಲು ಎಲ್ಲಿ ಊರಬೇಕೆಂದು ಎದ್ದು ಬಂದು ತೋರಿಸಿದಳು. ಅವಳು ತೋರಿಸಿದಲ್ಲೇ ಕಾಲು ಊರಿದೆ. ಹಕ್ಕಿ ಕಿಟಕಿಗೆ ಬಂದು ಕೂತಾಗ ಯಾರಾದರೂ ಮಾತಾಡುತ್ತಾರೆಯೇ?

ಪಂದ್ಯದ ದಿನ ರವಿ ಗೆಳೆಯನ ಯೂಟ್, ಅಂದರೆ ಹಿಂಬದಿ ತೆರೆದ ಪಿಕಪ್ ಗಾಡಿಯ ಹಿಂದೆ ಎರಡು ಮರದ ಕಂಬ ಹೇರಿಕೊಂಡು ಬಂದು ಮೈದಾನದ ಎರಡು ತುದಿಗೆ ನೆಟ್ಟ. ಮರಾಠಿ ತಂಡದವರೆಲ್ಲ ಒಂದೇ ಬಣ್ಣದ ಜೆರ್ಸಿ ತೊಟ್ಟು ಚಿಗರೆಗಳ ಹಾಗೆ ನೆಗೆಯುತ್ತಿದ್ದರು. ನಮ್ಮ ಕಡೆ ಮೈಗೆ ನೋವಿನ ಮುಲಾಮಿನ ವಾಸನೆ. ಅಷ್ಟರಲ್ಲಿ ಫರೀದಾ ಮುಖ ಸಣ್ಣ ಮಾಡಿಕೊಂಡು ಬಂದಳು. ಒಬ್ಬಳ ಮಗುವಿಗೆ ಜ್ವರ, ಅವಳು ಬರುತ್ತಿಲ್ಲ. ಎಂಟೇ ಜನ.

ಎಲ್ಲರೂ ನಿಧಿಯ ಕಡೆ ನೋಡಿದರು. ನಿಧಿ ಅವರಪ್ಪನ ಹಿಂದೆ ಸರಿದಳು.

"ಪುಟ್ಟಿ, ಪ್ಲೀಸ್ ಕಣೇ. ಅವ್ರ ಕ್ಯಾಪ್ಟನ್ ಓಕೆ ಅಂದಿದಾರೆ" ಎಂದಳು ಫರೀದಾ.

"ನೋ."

ಒಂದು ಮಾತು ಹೇಳಿಬಿಡಬೇಕೆಂದು ನನ್ನ ನಾಲಗೆ ತುರಿಸಿತು. ಅದನ್ನು ನುಂಗಿ ನೇರ ಹೋಗಿ ಸಾಲಿನಲ್ಲಿ ನನ್ನ ಚೌಕದಲ್ಲಿ ಕುಕ್ಕರಿಸಿದೆ, ಮಂಡಿ ತನ್ನ ಅಭಿಪ್ರಾಯ ಹೇಳಿತು. ಉಳಿದವರೂ ಬಂದು ಕೂತರು. ಸಾಲಿನಲ್ಲಿ ಒಂದು ಹಲ್ಲು ಬಿದ್ದ ಹಾಗೆ ಒಂದು ಚೌಕ ಖಾಲಿ ಕಾಣುತ್ತಿತ್ತು. ಅಂಪೈರ್ ಸೀಟಿಯನ್ನು ಬಾಯಿಗಿಟ್ಟು ಕಾದರು.

"ಇಟ್ ಲುಕ್ಸ್ ಸ್ಟುಪಿಡ್ ವಿತ್ ಎ ಗ್ಯಾಪ್" ಎಂದು ಗೊಣಗಿಕೊಂಡು ನಿಧಿ ಬಂದು ಆ ಚೌಕದಲ್ಲಿ ಕೂತಳು.

ಖೋಖೋ ನೋಡದವರಿಗಾಗಿ ಒಂದು ಮಾತು. ಅಟ್ಟುವ ತಂಡದ ಎಂಟು ಜನ ಒಬ್ಬರು ಈ ಕಡೆಗೆ, ಒಬ್ಬರು ಆ ಕಡೆಗೆ ಮುಖ ಮಾಡಿ ಸಾಲಾಗಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳು ಸಾಲನ್ನು ನಡುವೆ ದಾಟುವಂತಿಲ್ಲ, ಕಂಬ ತಲುಪುವವರೆಗೆ ಹಿಡಿದ ದಿಕ್ಕು ಬಿಟ್ಟು ಹಿಂದಿರುಗುವಂತಿಲ್ಲ. ಎದುರಾಳಿ ಸಾಲಿನ ಆಚೆ ನುಸುಳಿದರೆ, ಆ ಕಡೆಗೆ ಮುಖ ಮಾಡಿ ಕೂತವಳ ಬೆನ್ನು ತಟ್ಟಿ "ಖೋ" ಎನ್ನಬೇಕು. ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರಬೇಕು.

ನಮ್ಮ ಅಟ್ಟುವ ಸರದಿ ಚೆನ್ನಾಗಿ ಶುರುವಾಗಲಿಲ್ಲ. ಮೊದಲ ಸಲ ಎದ್ದವಳು ದಿಕ್ಕು ತಪ್ಪಿ ಹಿಂದಿರುಗಿದೆ, ಸೀಟಿ. ಎರಡನೆಯ ಸಲ ನಾನು ಎದ್ದು ನಿಲ್ಲುವಷ್ಟರಲ್ಲಿ ಎದುರಾಳಿ ಊರು ಬಿಟ್ಟು ಹೋಗಿದ್ದಳು. ಅಂಚಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಒಂದು ಹಟ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಇವತ್ತು ನಗುತ್ತಾ ಎದ್ದು ಹೋಗಲಾರೆ. ಆಡಿಯೇ ಹೋಗುತ್ತೇನೆ.

ಕೊನೆಯ ನಿಮಿಷದಲ್ಲಿ ಫರೀದಾ ನನ್ನ ಬೆನ್ನಿಗೆ ಬಡಿದು ಖೋ ಕೊಟ್ಟಳು. ಎದುರಿಗೆ ಅವರ ತಂಡದ ಚುರುಕು ಹುಡುಗಿ. ಕಂಬದವರೆಗೂ ಅಟ್ಟಿದೆ. ಕಂಬ ಹಿಡಿದು ಹಳೆಯ ಹಾಗೆ ಮೈ ಚಾಚಿದೆ. ಮನಸ್ಸು ಇಪ್ಪತ್ತೆರಡರದು, ಮೈ ನಲವತ್ತೇಳರದು. ಎರಡೂ ಬೇರೆ ಬೇರೆ ಕಡೆ ಬಿದ್ದವು. ಬಾಯಲ್ಲಿ ಹುಲ್ಲು, ಮಂಡಿಯಲ್ಲಿ ಬೆಂಕಿ.

"ಸುಮಾ, ಸಾಕು ಬಿಡು!" ರವಿಯ ಕೂಗು.

ಆ ಹುಡುಗಿ ಕಂಬವನ್ನು ಬಳಸಿ ಆಚೆಗೆ ಹೋಗಿ, ನಾನು ಮುಗಿದೆನೆಂದು ವೇಗ ಕಡಿಮೆ ಮಾಡಿದ್ದಳು. ಅಂಗೈ ಊರಿದೆ. ಮಂಡಿ ಊರಿದೆ. ನಾಲ್ಕು ಜನಕ್ಕೆ ಕೇಳುವಂತೆ ನರಳಿದೆ. ಎದ್ದೆ. ಕಂಬ ಸುತ್ತಲು ಕಾಲಿನಲ್ಲಿ ಬಲವಿರಲಿಲ್ಲ. ಎದುರಿಗೆ, ಸಾಲಿನಲ್ಲಿ, ಆಚೆಗೆ ಮುಖ ಮಾಡಿ ಕೂತಿದ್ದ ಒಂದು ಕಿರಿದಾದ ಬೆನ್ನು ಕಂಡಿತು. ಬಿಗಿದ ಬಿಲ್ಲಿನ ಹಾಗೆ ಕಾಯುತ್ತಿದ್ದ ಬೆನ್ನು. ಕುಂಟುತ್ತಾ ಹೋಗಿ ಅದನ್ನು ತಟ್ಟಿ, ಗಂಟಲು ಹರಿಯುವಂತೆ ಕೂಗಿದೆ: "ಖೋ!"

ನಿಧಿ ಎದ್ದಳು. ನಾನು ಅವಳ ಚೌಕದಲ್ಲಿ, ಅವಳು ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ ಕೂತೆ. ಹುಲ್ಲು ಇನ್ನೂ ಬೆಚ್ಚಗಿತ್ತು. ಆ ಹುಡುಗಿ ತಿರುಗುವಷ್ಟರಲ್ಲಿ ನಿಧಿಯ ಉದ್ದನೆಯ ತೋಳು, ನೆಟ್‌ಬಾಲ್ ಹಿಡಿದು ಪಳಗಿದ ತೋಳು, ಅವಳ ಭುಜ ಮುಟ್ಟಿಬಿಟ್ಟಿತ್ತು.

ಪಂದ್ಯ ನಾವು ಸೋತೆವು, ಒಂದೇ ಪಾಯಿಂಟಿನಿಂದ. ಮರಾಠಿ ತಂಡದ ಕ್ಯಾಪ್ಟನ್ ಬಂದು ನಿಧಿಯ ಕೈ ಕುಲುಕಿ, ಶಾಲೆಯ ಯಾವ ತಂಡಕ್ಕೆ ಆಡುತ್ತೀಯ ಎಂದು ಕೇಳಿದರು. ನಿಧಿ ನನ್ನ ಕಡೆ ನೋಡದೆ, ಎರಡನೆಯ ನೆಟ್‌ಬಾಲ್ ತಂಡಕ್ಕೆ ಎಂದು ಉತ್ತರಿಸಿದಳು. ಅವಳಿನ್ನೂ ಆ ತಂಡಕ್ಕೆ ಸೇರಿರಲಿಲ್ಲ. ಅಂಥ ಸುಳ್ಳನ್ನು ತಿದ್ದುವಷ್ಟು ಸತ್ಯವಂತೆ ನಾನಲ್ಲ.

ನಾನು ಮಂಡಿಗೆ ಐಸ್ ಇಟ್ಟುಕೊಂಡು ಹುಲ್ಲಿನ ಮೇಲೆ ಕೂತಿದ್ದೆ. ರವಿ ನೀರಿನ ಬಾಟಲಿ ಕೊಡುತ್ತಾ, "ಆಯ್ತಲ್ಲ? ಇನ್ನು ಮುಂದಿನ ವರ್ಷನೂ ಅನ್ಬೇಡ ಮತ್ತೆ" ಎಂದ.

"ಮುಂದಿನ ವರ್ಷ ಯಾಕೆ? ಶನಿವಾರನೇ ಪ್ರಾಕ್ಟೀಸ್ ಇದೆ" ಅಂದೆ.

ದೃಢವಾಗಿಯೇ ಅಂದೆ. ಆದರೆ ಅಲ್ಲಿಂದ ಏಳಲು ಎರಡು ಕಡೆಯಿಂದ ಇಬ್ಬರು ಕೈ ಹಿಡಿದು ಎಳೆಯಬೇಕಾಯಿತು. "ಒನ್, ಟೂ, ಥ್ರೀ" ಎಂದು ಎಣಿಸಿದವಳು ನಿಧಿ.